ಪಂಜರದ ತಳದ ಪುಡಿ

ಬಾಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ರಬ್ಬರ್ ನಳಿಕೆಯನ್ನು ಅವಳು ಮೆಲ್ಲಗೆ, ಅರ್ಧ ಉಸಿರಿನಷ್ಟು, ಒಳಕ್ಕೆ ಎಳೆದಳು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ಗಾಜಿನ ಕೊಳವೆಯ ತುದಿ ಇಲಿಯ ಮಿದುಳಿನ ಚೂರಿನಲ್ಲಿದ್ದ ಒಂದು ಕೋಶಕ್ಕೆ ಅಂಟಿಕೊಂಡಿತು. ಹೆಚ್ಚು ಎಳೆದರೆ ಕೋಶ ಒಡೆಯುತ್ತದೆ, ಕಡಿಮೆಯಾದರೆ ಜಾರುತ್ತದೆ. ಹನ್ನೊಂದು ವರ್ಷದಿಂದ ಈ ಹದ ಅವಳ ತುಟಿಗೆ ಗೊತ್ತು.

ಅದು ಹಸಿವಿನ ಕೋಶ, ಹೊಟ್ಟೆ ಖಾಲಿಯಾದಾಗ ಜೋರಾಗಿ ಮಿಡಿಯುವಂಥದ್ದು. ನಿನ್ನೆ ಸಂಜೆ ಆರರಿಂದ ಉಪವಾಸವಿದ್ದ ಇಲಿಯದು. ಪರದೆಯ ಮೇಲೆ ಪಟಪಟನೆ ಮಿಡಿಯಬೇಕಿತ್ತು. ಆದರೆ ಉಂಡು ಮಲಗಿದವರ ಹಾಗೆ ಅಲ್ಲೊಂದು ಇಲ್ಲೊಂದು ಮಿಡಿಯುತ್ತಿತ್ತು. ಅವಳು ಅದರ ಮೇಲೆ ಲೆಪ್ಟಿನ್ ಹರಿಸಿದಳು. ಮೈಯ ಕೊಬ್ಬು ಮಿದುಳಿಗೆ 'ಇನ್ನು ಸಾಕು' ಎಂದು ಹೇಳಿಕಳಿಸುವ ಹಾರ್ಮೋನು ಅದು. ಹಸಿದ ಕೋಶವಾದರೆ ಅದು ತಾಗಿದ ಮೇಲೆ ತೆಪ್ಪಗಾಗಬೇಕು. ಇದು ಮೊದಲೇ ತೆಪ್ಪಗಿತ್ತು.

"ಇವತ್ತೂ ಏನಿಲ್ವಾ?"

ಬೆನ್ನ ಹಿಂದೆ ಮೇಡಂ. ಗಂಡನ ಅಕ್ಕ. ಮನೆಯಲ್ಲಿ ಅಕ್ಕ, ಇಲ್ಲಿ ಮೇಡಂ. ಪ್ರಯೋಗಾಲಯವೂ ಆಕೆಯದೇ, ಊಟದ ಮೇಜಿನ ಸೌಟೂ ಆಕೆಯದೇ. ನಿನ್ನೆ ಇವಳು ಎರಡನೇ ಸಲ ತಟ್ಟೆ ಚಾಚಿದಾಗ, "ನಿನ್ನ ಮಿದುಳಿಗೆ ಸುದ್ದಿ ಮುಟ್ಟಲ್ವೇನೇ?" ಎಂದು ಆಕೆ ಸೌಟನ್ನು ಪಾತ್ರೆಗೆ ಕುಕ್ಕಿದ್ದಳು. ಗಂಡ ನಕ್ಕಿದ್ದ.

"ಮೂರು ವಾರ, ಹದಿನಾಲ್ಕು ಕೋಶ, ಒಂದೂ ನೆಟ್ಟಗಿಲ್ಲ. ಕೈ ದಪ್ಪ ಆಗಿದೆ ನಿಂದು. ಬಾಯಿ ತಿನ್ನೋಕೆ ಮಾತ್ರ ಚೆನ್ನಾಗಿ ಓಡುತ್ತೆ."

ಪಕ್ಕದ ಮೇಜಿನವರು ನಗು ನುಂಗಿಕೊಂಡರು.

"ಕೋಶಕ್ಕೆ ಹಸಿವೇ ಇಲ್ಲ ಮೇಡಂ. ಇಲಿ ಏನೋ ತಿಂದಿದೆ."

"ಉಪವಾಸ ಹಾಕಿದ್ದು ನಾನು. ನಿನಗೆ ಬಿಟ್ರೆ ಅಯ್ಯೋ ಪಾಪ ಅಂತ ಉಣ್ಣಿಸ್ತೀಯ ಅಂತಾನೇ ಮೂರು ವಾರದಿಂದ ನಾನು ಮಾಡ್ತಿರೋದು. ನಾಳೆ ಎಲ್ಲರ ಮುಂದೆ ನಾನೊಂದು ಕೋಶ ಹಿಡೀತೀನಿ, ನೀನೊಂದು ಹಿಡಿ. ನಿಂದು ಬರಲಿಲ್ವೋ, ಕುರ್ಚಿ ಬಿಡು. ಗಾಜು ತೊಳೆಯೋ ಕೋಣೇಲಿ ಜಾಗ ಇದೆ."

ಅವಳು ಕುರ್ಚಿಯ ಹಿಡಿಯನ್ನು ಒತ್ತಿ ಹಿಡಿದಳು. ಮನೆಯಲ್ಲಿ ತನ್ನದೆನ್ನಲು ಅವಳಿಗೆ ಇಂಥ ಒಂದು ಕುರ್ಚಿಯೂ ಇರಲಿಲ್ಲ.

ಸಂಜೆ ಆರಕ್ಕೆ ಮೇಡಂ ಇಲಿಗಳ ಕೋಣೆಗೆ ಹೋಗಿ ನಾಳೆಯ ಎರಡು ಪಂಜರಗಳಿಂದಲೂ ತಿನಿಸಿನ ತಟ್ಟೆ ತೆಗೆದಳು. ಒಂದಕ್ಕೆ ತನ್ನ ಚೀಟಿ, ಇನ್ನೊಂದಕ್ಕೆ ಇವಳ ಚೀಟಿ ಅಂಟಿಸಿ ಹೊರಬಂದಳು. ಇವಳು ಒಳಹೋಗಿ ಮೇಡಂನ ಪಂಜರದ ಮುಚ್ಚಳ ತೆರೆದು, ಒಳಗೆ ಹಾಸಿದ್ದ ಮರದ ಹೊಟ್ಟಿನಲ್ಲಿ ಬೆರಳಾಡಿಸಿದಳು. ತಳದಲ್ಲಿ ತಿನಿಸಿನ ಪುಡಿ ಮುಷ್ಟಿ ತುಂಬುವಷ್ಟು ಸಿಕ್ಕಿತು. ಇಲಿಗಳು ತಿನ್ನುವಾಗ ಅರ್ಧ ಚೆಲ್ಲುತ್ತವೆ. ಅದಕ್ಕೇ ಉಪವಾಸವೆಂದರೆ ತಟ್ಟೆ ತೆಗೆದರೆ ಸಾಲದು, ಹೊಸ ಹೊಟ್ಟು ಹಾಕಿದ ಪಂಜರಕ್ಕೇ ಬದಲಾಯಿಸಬೇಕು. ಈ ಮೂರು ವಾರಕ್ಕೆ ಮೊದಲು ಹದಿನೈದು ವರ್ಷ ಪಂಜರದ ಕೆಲಸ ಮುಟ್ಟದಿದ್ದ ಮೇಡಂ ಅದನ್ನು ಮರೆತಿದ್ದಳು.

ಮುಷ್ಟಿ ಹಿಡಿದುಕೊಂಡೇ ಬಾಗಿಲಿಗೆ ಓಡಿದಳು. "ಅಕ್ಕಾ, ಇಲ್ನೋಡಿ, ಪಂಜರದ ತಳದಲ್ಲಿ..."

"ನೀನೇ ಹಾಕಿರ್ತೀಯ." ಮೇಡಂ ಚೀಲ ಹೆಗಲಿಗೇರಿಸಿದಳು. "ಕೈಯಲ್ಲಿ ತಿನ್ನೋದು ಇಲ್ದೆ ನಿನ್ನ ಯಾವತ್ತು ನೋಡಿದ್ದೀನಿ? ಕಾರಲ್ಲಿರ್ತೀನಿ. ಬೇಗ ಬಾ."

ಹೆಜ್ಜೆಯ ಸದ್ದು ದೂರವಾದ ಮೇಲೆ ಅವಳು ಮುಷ್ಟಿಯ ಪುಡಿಯನ್ನು ಒಂದು ಕಾಗದದ ಮೇಲೆ ಸುರಿದಿಟ್ಟಳು. ಆಮೇಲೆ ಕಪಾಟಿನಿಂದ ಒಂದು ತೊಳೆದ ಪಂಜರ ತೆಗೆದು, ಹೊಸ ಹೊಟ್ಟು ಹರಡಿ, ತನ್ನ ಇಲಿಯನ್ನು ಎತ್ತಿ ಅದರೊಳಗೆ ಬಿಟ್ಟಳು. ಅದು ಮೂಲೆ ಮೂಲೆ ಮೂಸಿ, ಏನೂ ಸಿಗದೆ ಅವಳತ್ತ ಮೀಸೆ ಆಡಿಸಿತು. "ಇವತ್ತೊಂದು ರಾತ್ರಿ ತಡ್ಕೋ" ಎಂದು ನೀರಿನ ಬಾಟಲಿ ಸಿಕ್ಕಿಸಿ, ಹಳೆಯ ಪಂಜರದ ಮೇಲಿದ್ದ ತನ್ನ ಚೀಟಿಯನ್ನು ಇದಕ್ಕೆ ಅಂಟಿಸಿದಳು.

ಕಪಾಟಿನಲ್ಲಿ ತೊಳೆದ ಪಂಜರ ಇನ್ನೂ ಒಂದಿತ್ತು. ಅದರ ಮೇಲೆ ಕೈಯಿಟ್ಟಳು. ಮೇಡಂನ ಇಲಿ ಆಗಲೇ ಹೊಟ್ಟು ಕೆದಕಿ, ಎರಡೂ ಕೈಯಲ್ಲಿ ಒಂದು ಚೂರು ಹಿಡಿದು ಕಟಕಟ ಕಡಿಯುತ್ತಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಕಪಾಟು ಮುಚ್ಚಿದಳು. ಕಾಗದದ ಮೇಲಿದ್ದ ಪುಡಿಯನ್ನು ಬಂದ ಜಾಗಕ್ಕೇ, ಒಂದು ಕಾಳೂ ಹೊರಗೆ ಬೀಳದ ಹಾಗೆ, ಸುರಿದು ಮುಚ್ಚಳ ಹಾಕಿದಳು.

"ಯಾಕಿಷ್ಟು ಹೊತ್ತು?" ಕಾರಿನೊಳಗಿಂದ ಮೇಡಂ ರೇಗಿದಳು.

"ಏನಿಲ್ಲ ಅಕ್ಕ, ಕೈ ತೊಳೀತಿದ್ದೆ" ಎಂದು ಅವಳು ಹಿಂದಿನ ಸೀಟಿನಲ್ಲಿ ಕುಳಿತಳು.