ಐದರಲ್ಲಿ ಎಷ್ಟು?

“ಕಾಲು ಅಗಲ ಮಾಡು. ನನ್ನ ಮುಂದೆ ಎಂಥಾ ನಾಚಿಕೆ? ಅದನ್ನ ಮಾಡಿಕೊಟ್ಟೋನೇ ನಾನು,” ಎಂದರು ದೊಡ್ಡ ಡಾಕ್ಟರು.

ಸುತ್ತ ನಿಂತ ಎಂಟು ಜನ ವಿದ್ಯಾರ್ಥಿಗಳು ಕತ್ತು ಚಾಚಿದರು. ಇಸ್ತ್ರಿಯಕ್ಕ ತಾರಸಿ ನೋಡುತ್ತ ಮಲಗಿದ್ದಳು. ಅದೇ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹನ್ನೆರಡು ವರ್ಷದಿಂದ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು ಅವಳು. ಹುಟ್ಟಿದಾಗ ಗಂಡುಮಗು ಎಂದಿದ್ದರು; ಅವಳು ಒಂದು ದಿನವೂ ಒಪ್ಪಿರಲಿಲ್ಲ. ಆರು ತಿಂಗಳ ಹಿಂದೆ ಅವಳ ಮೈಯನ್ನು ಮನಸ್ಸಿಗೆ ಹೊಂದಿಸುವ ಆಪರೇಷನ್ನನ್ನು ದೊಡ್ಡ ಡಾಕ್ಟರು ಉಚಿತವಾಗಿ ಮಾಡಿದ್ದರು. ಈಗ ತಮ್ಮ ಕೈಯಲ್ಲಿ ಯಾವ ಆಪರೇಷನ್ ಆದವರೂ ಎಷ್ಟು ಸುಖವಾಗಿದ್ದಾರೆಂದು ಯಾವುದೋ ದೊಡ್ಡ ಸಭೆಯಲ್ಲಿ ಹೇಳಲು ಅವರಿಗೆ ಭರ್ತಿಯಾದ ನಲವತ್ತು ಫಾರಂ ಬೇಕಿತ್ತು.

ಬಡಗಿ ಕುರ್ಚಿಯ ಕೀಲು ತೋರಿಸುವಂತೆ ವಿದ್ಯಾರ್ಥಿಗಳಿಗೆ ತಮ್ಮ ಕೆಲಸ ತೋರಿಸಿ ಮುಗಿಸಿದ ಮೇಲೆ, ಫಾರಮ್ಮಿನ ಪ್ರಶ್ನೆ ಓದಲು ಕಿರಿಯ ಡಾಕ್ಟರಮ್ಮನಿಗೆ ಹೇಳಿದರು. ಇವರಿಗೆ ಮೆಲ್ಲಗೆ ಹೇಳಿದರೆ ತಲೆಗೆ ಹೋಗೋದಿಲ್ಲ, ಜೋರಾಗಿ ಓದು ಎಂದರು. ಗೋಡೆಬದಿಯ ಬೆಂಚಿನಲ್ಲಿ ಸರದಿಗೆ ಕಾದಿದ್ದ ಹನ್ನೊಂದು ಜನ, ಹೆಚ್ಚಿನವರು ಮೂತ್ರದ ಚೀಲ ಹಿಡಿದವರು, ಕಿವಿ ನಿಮಿರಿಸಿದರು.

“ಕಳೆದ ನಾಲ್ಕು ವಾರದಲ್ಲಿ ನಿಮ್ಮ ದಾಂಪತ್ಯಸುಖಕ್ಕೆ ಐದರಲ್ಲಿ ಎಷ್ಟು ಕೊಡ್ತೀರಿ?” ಡಾಕ್ಟರಮ್ಮನ ಕಿವಿ ಕೆಂಪಾಗಿತ್ತು.

“ನಮ್ಮೆಜಮಾನ್ರು ಇಲ್ಲೇ ಲಿಫ್ಟ್ ನಡೆಸ್ತಾರೆ. ಅವರದು ರಾತ್ರಿಪಾಳಿ, ನಂದು ಹಗಲು. ನಾವಿಬ್ರೂ ಸಿಗೋದು ಬೆಳಗ್ಗೆ ಲಿಫ್ಟು ಮೂರನೇ ಮಹಡಿಯಿಂದ ಕೆಳಗಿಳಿಯೋ ತನಕ. ಅಷ್ಟರಲ್ಲಿ ಎಷ್ಟು ಸುಖ ಆಗುತ್ತೋ ನೀವೇ ಬರ್ಕೊಳಿ.”

ಬೆಂಚು ನಕ್ಕಿತು. ಇಸ್ತ್ರಿಯಕ್ಕ ನಗಲಿಲ್ಲ. ಉಚ್ಚೆ ಉರಿಯುತ್ತದೆ, ನೆಟ್ಟಗೆ ಬರದೆ ಅಡ್ಡಡ್ಡ ಚಿಮ್ಮಿ ತೊಡೆಯೆಲ್ಲ ಒದ್ದೆಯಾಗುತ್ತದೆ, ಮೂರು ಸಲ ಬಂದು ಹೇಳಿದ್ದೇನೆ ಎಂದಳು.

“ಅದಕ್ಕೆ ಫಾರಮ್ಮಲ್ಲಿ ಜಾಗ ಇಲ್ಲ. ನಂಬರ್ ಹೇಳು,” ಎಂದ ದೊಡ್ಡ ಡಾಕ್ಟರು ವಿದ್ಯಾರ್ಥಿಗಳತ್ತ ತಿರುಗಿದರು. “ಇವನಿಗೆ... ಇವಳಿಗೆ... ಏನೋ ಒಂದು. ಇಂಥವಕ್ಕೆ ಬಿಟ್ಟಿ ಮಾಡಿದ್ದೇ ತಪ್ಪು.”

ಅವಳು ಎದ್ದು ಕೂತು ಸೀರೆ ಸರಿಮಾಡಿಕೊಂಡಳು.

“ಬಿಟ್ಟಿ ಎಲ್ಲಿ ಬಂತು ಸಾರ್? ನೀವು ಕೊಯ್ದು ಕಲಿತಿದ್ದು ನನ್ನ ಮೈ ಮೇಲೆ. ನನ್ನ ಉಚ್ಚೆಗೆ ಜಾಗ ಆಗೋ ತನಕ ನನ್ನ ಸುಖದ ನಂಬರ್ ನಿಮಗೆ ಸಿಗಲ್ಲ.”

ಕೆಲಸದಿಂದ ತೆಗೆಸುತ್ತೇನೆ ಎಂದರು ಅವರು. ಅಷ್ಟರಲ್ಲಿ ಬೆಂಚಿನಿಂದ ಮೂಟೆತಾತ ಕೆಮ್ಮಿದ. ಎಪ್ಪತ್ತರವರೆಗೂ ಮೂಟೆ ಹೊತ್ತವನು, ಪ್ರಾಸ್ಟೇಟ್ ಆಪರೇಷನ್ ಆಗಿ ಮೊನ್ನೆಯಷ್ಟೇ ಚೀಲ ಕಳಚಿದವನು.

“ನನ್ನ ಫಾರಮ್ಮೂ ಹರಿದು ಹಾಕಿ. ಹೆಂಡ್ತಿ ಸತ್ತು ಇಪ್ಪತ್ತು ವರ್ಷ ಆಯ್ತು. ಹೋದ ವಾರ ಐದಕ್ಕೆ ಐದು ಅಂತ ಬರ್ಕೊಂಡಿದ್ದಾರೆ, ಬೋಳಿಮಕ್ಳು. ಯಾರ ಜೊತೆ ಅಂತ ನನಗಾದ್ರೂ ಹೇಳ್ಬೇಕಿತ್ತು.”

ಈ ಸಲ ವಿದ್ಯಾರ್ಥಿಗಳೂ ನಕ್ಕುಬಿಟ್ಟರು. ಬೆಂಚಿನವರ ಕೈಲಿದ್ದ ಫಾರಂಗಳು ಒಂದೊಂದಾಗಿ ಮಡಚಿ ಜೇಬು ಸೇರಿದವು.

ರೋಗಿಗಳ ಕಕ್ಕಸಿಗೆ ನೀರಿಲ್ಲವೆಂದು ಬೀಗ ಜಡಿದಿದ್ದರು. ಇಸ್ತ್ರಿಯಕ್ಕ ಸೀದಾ ‘ವೈದ್ಯರಿಗೆ ಮಾತ್ರ’ ಎಂದು ಬರೆದ ಬಾಗಿಲಿಗೆ ನಡೆದಳು. “ಬಾರಮ್ಮ, ಕಣ್ಣಾರೆ ನೋಡಿ ಬರ್ಕೊ.” ಡಾಕ್ಟರಮ್ಮ ಒಮ್ಮೆ ದೊಡ್ಡವರ ಮುಖ ನೋಡಿದಳು, ಮತ್ತೆ ನೋಡಲಿಲ್ಲ, ಹಿಂದೆಯೇ ಹೋಗಿ ಚಿಲಕ ಹಾಕಿಕೊಂಡಳು. ಹೊರಬಂದ ಡಾಕ್ಟರಮ್ಮ, ಮೂತ್ರದ ಬಾಯಿ ಕಟ್ಟಿಕೊಳ್ಳುತ್ತಿದೆ, ಮೂರು ತಿಂಗಳ ಹಿಂದೆಯೇ ಬಿಡಿಸಬೇಕಿತ್ತು ಎಂದು ಫಾರಮ್ಮಿನ ಅಂಚಿನಲ್ಲಿ ಅಡ್ಡಡ್ಡ ಬರೆದು, ಕೆಳಗೆ ತನ್ನ ಸಹಿ ಹಾಕಿ ಇಸ್ತ್ರಿಯಕ್ಕನ ಕೈಗಿಟ್ಟಳು.

ನಾಳೆ ಕೆಲಸ ಉಳಿಯುತ್ತದೋ ಇಲ್ಲವೋ ಇಸ್ತ್ರಿಯಕ್ಕನಿಗೆ ಗೊತ್ತಿರಲಿಲ್ಲ. ಆ ಫಾರಂ ಮಾತ್ರ ಅವಳು ಯಾರ ಕೈಗೂ ಕೊಡಲಿಲ್ಲ.

ಅಷ್ಟರಲ್ಲಿ ಬೆಂಚೆಲ್ಲ ಚೀಲಸಮೇತ ಎದ್ದು ಆ ಬಾಗಿಲ ಮುಂದೆ ಸಾಲುಗಟ್ಟಿತ್ತು. ಮೊದಲು ಮೂಟೆತಾತ ಒಳಗೆ ಹೋದ. ಬೆಳಗ್ಗೆಯಿಂದ ನಾಲ್ಕು ಲೋಟ ಚಹಾ ಕುಡಿದಿದ್ದ ದೊಡ್ಡ ಡಾಕ್ಟರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕಿ, ಕೊನೆಗೆ ಬಾಗಿಲು ಬಡಿದರು.

“ಹನಿಹನೀನೇ ಬರ್ತಿದೆ ಸಾರ್,” ಎಂದ ತಾತ ಒಳಗಿಂದ. “ನಿಮ್ಮ ಮುಂದೆ ಇನ್ನೂ ಹತ್ತು ಜನ ಇದ್ದಾರೆ. ನಿಂತಿರಿ.”