ಬ್ರಷ್ಷಿನ ಸದ್ದು

ಸೋದರಮಾವನ ನೆನಪಿಗೆಂದು ಏರ್ಪಡಿಸಿದ್ದ ಕೂಲ್ ಜಾಝ್ ಕಾರ್ಯಕ್ರಮಕ್ಕೆ ಹೊರಡುವಾಗ ಅಕ್ಕ ನನ್ನಿಂದ ಮಾತು ತೆಗೆದುಕೊಂಡಳು. "ನನ್ನ ಬ್ರಷ್ ಸರಿಯಾಗಿ ಕೇಳದಿದ್ರೆ ನೀನೇ ಹೇಳ್ಬೇಕು ಕಣೋ. ಬೇರೆಯವರ ಬಾಯಿಂದ ಬೇಡ. ಅವತ್ತೇ ಡ್ರಮ್ಸ್ ಬಿಡ್ತೀನಿ."

ಅಕ್ಕನದು ಡ್ರಮ್ಸ್, ನನ್ನದು ತಂತಿ ಮೀಟುವ ಬಾಸ್. ಇಬ್ಬರಿಗೂ ಕಲಿಸಿದವರು ಮಾವ. ಅವರ ಟ್ರಂಪೆಟ್ ಎಂದೂ ಕೂಗಿದ್ದಿಲ್ಲ. "ಸಿಟ್ಟು ಬಂದ್ರೂ ಪಿಸುಗುಟ್ಬೇಕು" ಎನ್ನುತ್ತಿದ್ದರು. ಆ ಪಿಸುಮಾತಿಗೆ ಅಕ್ಕನ ತಂತಿ ಬ್ರಷ್‌ಗಳೇ ಉಸಿರು. ಡ್ರಮ್ಮಿನ ಒರಟು ಚರ್ಮದ ಮೇಲೆ ಅವನ್ನು ಸುತ್ತಿಸುತ್ತ ಸವರಿದರೆ ಸುಯ್ಯೆನ್ನುವ ಸದ್ದು ಎಡೆಬಿಡದೆ ಹರಿಯುತ್ತದೆ. ಈಚೆಗೆ ಅಕ್ಕನ ಕಿವಿ ಮಂದವಾಗತೊಡಗಿತ್ತು; ಹಾಗಾದವರಿಗೆ ಮೊದಲು ಕಾಣೆಯಾಗುವುದೇ ಅಂಥ ಸದ್ದು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅಕ್ಕ ಒತ್ತಿ ಒತ್ತಿ ಸವರುತ್ತಿದ್ದಳು.

"ತಾಳ ಹಾಕ್ತಿದ್ದೀಯೋ ತಾಯಿ, ಅಂಗಳ ಗುಡಿಸ್ತಿದ್ದೀಯೋ?" ಎಂದಿದ್ದ ಪಿಯಾನೋದವನು. ನಾವು ಅವನನ್ನು ಗೊಣಗ ಎನ್ನುತ್ತೇವೆ.

"ಬಾ, ನಿನ್ನನ್ನೂ ಗುಡಿಸಿ ಹೊರಗೆ ಹಾಕ್ತೀನಿ" ಎಂದಿದ್ದಳು ಅಕ್ಕ.

ಆ ಸಂಜೆ ನಮಗಿಂತ ಮುಂಚಿನವರ ಭಾಷಣ ಮುಗಿಯುವುದೇ ತಡವಾಯಿತು. ಸಭಾಂಗಣದವರ ಡ್ರಮ್ಸನ್ನು ಒಮ್ಮೆ ನುಡಿಸಿ ನೋಡಲೂ ಆಗಲಿಲ್ಲ. ಮೊದಲ ಹಾಡುಗಳು ಬ್ರಷ್ ಬೇಡದ, ಕೋಲಿನಿಂದ ಬಾರಿಸುವಂಥವು, ತೊಂದರೆಯಾಗಲಿಲ್ಲ. ಆಮೇಲೆ ಮಾವನದೇ ಒಂದು ನಿಧಾನದ ರಚನೆ. ಅಕ್ಕ ಬ್ರಷ್ ಎತ್ತಿಕೊಂಡಳು.

ನನಗೇನೂ ಕೇಳಿಸಲಿಲ್ಲ.

ಮೈಕು ಕೆಟ್ಟಿತೇನೋ ಎಂದುಕೊಂಡೆ. ಆದರೆ ನಾನಿದ್ದದ್ದು ಕೈಚಾಚಿದರೆ ಅವಳು ಸಿಗುವಷ್ಟು ಹತ್ತಿರ. ಬಗ್ಗಿ ನೋಡಿದೆ. ದೀಪದ ಬೆಳಕು ಡ್ರಮ್ಮಿನ ಮೇಲೆ ಗಾಜಿನಲ್ಲಿ ಹೊಳೆದಂತೆ ಹೊಳೆಯುತ್ತಿತ್ತು. ಜೋರಾಗಿ ಬಾರಿಸುವವರಿಗೆಂದು ಹಾಕುವ ನುಣುಪು ಚರ್ಮ ಅದು. ಅದರ ಮೇಲೆ ತಂತಿ ಜಾರುತ್ತದೆಯೇ ಹೊರತು ನುಡಿಯುವುದಿಲ್ಲ. ಕಿವಿ ಕೇಳಿಸುವ ಯಾರೇ ಆಗಲಿ ಒಂದೇ ಸುತ್ತಿನಲ್ಲಿ ಬ್ರಷ್ ಕೆಳಗಿಡುತ್ತಿದ್ದರು. ಅಕ್ಕ ಕಣ್ಣು ಮುಚ್ಚಿ ಸುತ್ತಿಸುತ್ತಲೇ ಇದ್ದಳು, ತುಟಿಯ ಮೇಲೆ ನಗು. ಗೊಣಗ ನನ್ನತ್ತ ಹುಬ್ಬೇರಿಸಿದ. ಆ ಖಾಲಿ ತುಂಬಲು ನಾನು ಬಾಸನ್ನು ಇನ್ನಷ್ಟು ಒತ್ತಿ ಮೀಟಿದೆ. ಮಾಡಿದ್ದು ಸರಿಯೋ ತಪ್ಪೋ, ನನಗೆ ಈಗಲೂ ಗೊತ್ತಿಲ್ಲ.

ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆಯ ಹಿಂದೆ ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು.

"ಬೆಣ್ಣೆ ಮೇಲೆ ಓಡಿದ ಹಾಗೆ ಓಡ್ತು ಕಣೋ ಕೈ! ಒತ್ಲೇ ಇಲ್ಲ ನಾನು. ಮಾವ ಇದ್ದಿದ್ರೆ ಬೆನ್ನು ತಟ್ಟೋರು. ಹೇಗೆ ಕೇಳಿಸ್ತು ನಿಂಗೆ?"

ಚೆನ್ನಾಗಿತ್ತು ಎಂದುಬಿಡಬಹುದಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು.

"ಅಕ್ಕ, ಅದು ನುಣುಪು ಚರ್ಮ" ಎಂದೆ.

"ಏನು? ಸ್ವಲ್ಪ ಜೋರಾಗಿ ಹೇಳೋ."

"ನುಣುಪು ಚರ್ಮ ಅಕ್ಕ. ಬ್ರಷ್ ಸದ್ದೇ ಮಾಡ್ಲಿಲ್ಲ."

ಅವಳ ನಗು ತಕ್ಷಣ ಹೋಗಲಿಲ್ಲ. "ಮೊದ್ಲಿಂದ್ಲೂ?"

"ಮೊದ್ಲಿಂದ್ಲೂ."

"ತಮಾಷೆ ಮಾಡ್ಬೇಡ. ನಂಗೆ ಕೇಳಿಸ್ತಿತ್ತಲ್ಲೋ" ಎಂದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಪೂರ್ತಿ ಕೇಳಿಸ್ತಿತ್ತು ನಂಗೆ."

ಹೊರಗೆ ಜನ ಇನ್ನೊಂದು ಬೇಕೆಂದು ಕೂಗುತ್ತಿದ್ದರು. ಅಕ್ಕ, ನೆನಪಿಗೆಂದು ತಂದಿಟ್ಟಿದ್ದ ಮಾವನ ಟ್ರಂಪೆಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ನೆಲಕ್ಕೇ ಕುಳಿತುಬಿಟ್ಟಳು, ಹೋಗಿ ಎಂದು ಕೈಯಲ್ಲೇ ತೋರಿಸಿದಳು. ನಾವು ಹೋಗಿ ಡ್ರಮ್ಸ್ ಇಲ್ಲದೆಯೇ ಒಂದು ನುಡಿಸಿದೆವು. ಅದಕ್ಕೂ ಅಷ್ಟೇ ಚಪ್ಪಾಳೆ ಬಿತ್ತು.