ಗಂಟು ಬಿಗಿದ ನಿರ್ಮಾಲ್ಯ

ದೇವರ ಮುಡಿಯಿಂದ ಇಳಿದ ಹೂವು ಕಾಲಿಗೆ ಸಿಕ್ಕಬಾರದು, ಎಂಜಲಿಗೆ ತಾಗಬಾರದು ಎಂಬುದು ಚಂದ್ರಶೇಖರ ಶಾಸ್ತ್ರಿಗಳ ಮನೆತನದ ನಿಯಮ. ಮೈಸೂರಿನಿಂದ ಡೊಂಬಿವಲಿಗೆ ಬಂದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಮೊದಲು ಎಲ್ಲರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಲ್ಯಾಣದ ಖಾಡಿಯೆಂಬ ಸಮುದ್ರದ ಹಿನ್ನೀರಿಗೆ ಬಿಡುತ್ತಿದ್ದರು. ಒಮ್ಮೆ ಇಳಿತದ ಹೊತ್ತಿನಲ್ಲಿ ಸೇತುವೆಯಿಂದ ಬಗ್ಗಿ ನೋಡಿದಾಗ, ಕೆಸರಿನಲ್ಲಿ ಉಬ್ಬಿ ಬಿದ್ದಿದ್ದ ಚೀಲಗಳನ್ನು ಹರಿದ ಹಂದಿಗಳು ತುಳಸೀದಳವನ್ನೂ ಮಲವನ್ನೂ ಒಂದೇ ಮೂತಿಯಿಂದ ಕೆದಕುತ್ತಿದ್ದವು. ಅಂದು ಅವರಿಗೆ ಊಟ ಸೇರಲಿಲ್ಲ.

ಆಮೇಲೆ, ಮಣ್ಣಿನಲ್ಲಿ ಕರಗುತ್ತವೆಂದು ಹೇಳುವ ಹಸಿರು ಚೀಲಗಳನ್ನು ತರಿಸಿದರು. ಅವರಿದ್ದ ಹೌಸಿಂಗ್ ಸೊಸೈಟಿಯ ಗೊಬ್ಬರದ ಗುಂಡಿಯನ್ನು ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಜಯಲತಾ. ಅಂಥ ಚೀಲ ಕರಗಲು ದೊಡ್ಡ ರಾಶಿಯ ಕಾವು ಬೇಕು, ಗಂಟು ಬಿಚ್ಚಿ ಹೂವನ್ನು ಅಡುಗೆಮನೆಯ ಕಸದೊಡನೆ ಬೆರೆಸಿಬಿಡಿ ಎಂದು ಆಕೆ ಹೇಳಿದ್ದರು. ಅನ್ಯರ ಎಂಜಲು, ಮೊಟ್ಟೆಯ ಸಿಪ್ಪೆಗಳ ನಡುವೆ ನಿರ್ಮಾಲ್ಯವೆಂದರೆ ಶಾಸ್ತ್ರಿಗಳಿಗೆ ಮೈ ಜುಮ್ಮೆಂದಿತು. ಮೂಲೆಯಲ್ಲಿ ಬೇರೆಯೇ ಗುಂಡಿ ತೋಡಿಸಿ, ಪ್ರತಿ ಚೀಲಕ್ಕೂ ಬಿಗಿಯಾಗಿ ಗಂಟು ಹಾಕಿ ಹೂಳುತ್ತ ಬಂದರು.

ಮಳೆಗಾಲದಲ್ಲಿ ಪತ್ನಿ ಶಾಂತಮ್ಮನ ತುಳಸಿ ಸತ್ತುಹೋಗಿತ್ತು. ಹಾಸಿಗೆ ಹಿಡಿದಿದ್ದ ಆಕೆ, ಉತ್ಥಾನ ದ್ವಾದಶಿಗೆ ಹೊಸ ಸಸಿಯನ್ನು ತಮ್ಮ ದೇವರ ಹೂವಿನ ಮಣ್ಣಿನಲ್ಲೇ ನೆಡಬೇಕೆಂದು ಕೇಳಿದ್ದಳು. ಬೇರೇನನ್ನೂ ಕೇಳಿರಲಿಲ್ಲ.

ದ್ವಾದಶಿಯ ಬೆಳಗ್ಗೆ ಶಾಸ್ತ್ರಿಗಳು ಗುಂಡಿ ತೆರೆದರು. ಮಣ್ಣು ಆಗಿರಲಿಲ್ಲ. ಚೀಲಗಳು ಬಣ್ಣ ಕೂಡ ಮಾಸದೆ, ಸತ್ತ ಪ್ರಾಣಿಯ ಹೊಟ್ಟೆಯಂತೆ ಊದಿಕೊಂಡಿದ್ದವು. ಗುದ್ದಲಿ ತಗುಲಿ ಒಂದು ಒಡೆಯಿತು. ಕಪ್ಪು ಲೋಳೆ ಪಾದದ ಮೇಲೆ ಹರಿಯಿತು; ಸೇವಂತಿಗೆಯ ಎಸಳುಗಳ ನಡುವೆ ಬಿಳಿಯ ಹುಳುಗಳು ಹೊರಳುತ್ತಿದ್ದವು. ಆ ದುರ್ಗಂಧಕ್ಕೆ ಅವರು ಗೋಡೆ ಹಿಡಿದು ವಾಂತಿ ಮಾಡಿಕೊಂಡರು.

ಜಯಲತಾ ನೀರು ತಂದುಕೊಟ್ಟರು. "ಉಸಿರು ಕಟ್ಟಿಸಿದ್ರೆ ದೇವರ ಹೂವಾದ್ರೂ ಕೊಳೀದೆ ಎಂತ ಮಾಡ್ತದೆ ಶಾಸ್ತ್ರಿಗಳೇ?" ಎಂದು, ತಮ್ಮ ಗುಂಡಿಯಿಂದ ಒಂದು ಬೊಗಸೆ ಗೊಬ್ಬರ ತೆಗೆದು ಚಾಚಿದರು.

"ಇದರಲ್ಲಿ ಎಲ್ಲರ ಎಂಜಲಿದೆಯಲ್ಲಮ್ಮ."

"ಉಂಟು. ಸೆಕೆಂಡ್ ಫ್ಲೋರಿನ ಲೀಲಾಧರಣ್ಣನ ಮನೆಯ ಬಂಗುಡೆ ಮೀನಿನ ಮುಳ್ಳೂ ಉಂಟು. ಹುಡುಕಿ ಕೊಡಿ ನೋಡುವ."

ಶಾಸ್ತ್ರಿಗಳು ಮೂಸಿದರು. ಅದು ಹುಡಿಹುಡಿಯಾಗಿ, ಮರದ ಬುಡದ ನೆಲದಂತೆ ಕಂಪಿಡುತ್ತಿತ್ತು. ಅವರು ಪಂಚೆ ಎತ್ತಿ ಕಟ್ಟಿ ಕುಳಿತು, ತಾವೇ ಹಾಕಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಓಕರಿಕೆ ಬಂದಾಗ ಮುಖ ತಿರುಗಿಸುತ್ತ, ಆ ಕೊಳೆತದ್ದನ್ನೆಲ್ಲ ಎಂಜಲಿನ ಗುಂಡಿಗೇ ಸುರಿದು ತರಗೆಲೆ ಮುಚ್ಚಿದರು.

ಸಂಜೆ ಹೊಸ ತುಳಸಿಯ ಕುಂಡವನ್ನು ಹಾಸಿಗೆಯ ಬಳಿಗೆ ತಂದಾಗ ಶಾಂತಮ್ಮ ಮಣ್ಣನ್ನು ಮುಟ್ಟಿ ಕೇಳಿದಳು: "ನಮ್ಮ ದೇವರ ಹೂವಿಂದು ತಾನೆ?"

"ನಮ್ಮದಿನ್ನೂ ಮಣ್ಣಾಗಿಲ್ಲ ಕಣೇ. ಇದು ಬಿಲ್ಡಿಂಗಿನವರ ಮನೆಮನೆಯದು."

ಆಕೆ ಬೆರಳನ್ನು ಮೂಸಿ, ವಾಸನೆ ಚೆನ್ನಾಗಿದೆ ಎಂದು ಕೈ ಮುಗಿದಳು. ಸೀಗೆಪುಡಿಯಿಂದ ಎಷ್ಟು ತಿಕ್ಕಿದರೂ ನಾತ ಬಿಡದ ತಮ್ಮ ಕೈಗಳನ್ನು ಶಾಸ್ತ್ರಿಗಳು ಶಲ್ಯದೊಳಗೆ ಎಳೆದುಕೊಂಡರು.